ಹಾರಾಟ ಬೋಧಕನಿಗೆ ಮೊದಲ ಅರ್ಹತೆ ಯಾವುದು?

ಕಲಿಸುವ ಉದ್ಯೋಗಕ್ಕೆ ಇಳಿಯುವವನು ಮೊಟ್ಟಮೊದಲು ಏನನ್ನು ಕಲಿಸಲು ಅರ್ಹನಾಗಬೇಕು? ನಮ್ಮ ಶಾಲೆ ಕಾಲೇಜುಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಇಂಥ ಪದವಿ ಪಡೆದವನು ಇಂಥ ತರಗತಿಗೆ ಎಂಬ ದಾರಿಯನ್ನು ಹಿಂದಿನವರು ಹಾಕಿಟ್ಟಿದ್ದಾರೆ. ನಾವು ಅದರ ಮೇಲೆ ನಡೆಯುತ್ತೇವೆ. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವಿಮಾನ ಹಾರಾಟವನ್ನು ಕಲಿಸಲು ಹೊರಟ ತರುಣನ ಮುಂದೆ ಈ ಪ್ರಶ್ನೆ ನಿಜವಾಗಿಯೂ ನಿಲ್ಲುತ್ತದೆ. ಅಲ್ಲಿ ಬೋಧಕನಾಗುವುದಕ್ಕೆ ಒಂದಕ್ಕಿಂತ ಹೆಚ್ಚು ಬಾಗಿಲುಗಳಿವೆ. ಯಾವುದರಿಂದ ಒಳಹೊಕ್ಕರೂ ಸರಿಯೇ ಎಂದು ಕಾನೂನು ಹೇಳುತ್ತದೆ. ಕಾನೂನಿಗೆ ಎಲ್ಲವೂ ಸರಿಯಾದಾಗ ವಿವೇಕಕ್ಕೆ ಯಾವುದು ಸರಿ ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ. ನಮ್ಮ ನಾಡಿನಿಂದಲೂ ಹಾರಾಟ ಕಲಿಯಲು ಆ ದೇಶಕ್ಕೆ ಹೋಗುವ ತರುಣ ತರುಣಿಯರಿರುವುದರಿಂದ ವಿಷಯವು ನಮಗೆ ತೀರ ಹೊರಗಿನದೂ ಅಲ್ಲ.

ಮೊದಲು ಅಲ್ಲಿಯ ಏರ್ಪಾಡನ್ನು ಸ್ವಲ್ಪ ತಿಳಿಯಬೇಕು. ಅಮೆರಿಕದಲ್ಲಿ ವಿಮಾನಯಾನದ ಮೇಲ್ವಿಚಾರಣೆ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ ಎಂಬ ಸರ್ಕಾರಿ ಇಲಾಖೆಯದು. ಅದು ಕೊಡುವ ಬೋಧಕಪತ್ರ ಒಂದೇ. ಆದರೆ ಆ ಪತ್ರದ ಮೇಲೆ ಬರೆಯುವ ಅರ್ಹತೆಗಳು, ಅಂದರೆ ‘ರೇಟಿಂಗು’ಗಳು, ಹಲವು. ಒಂಟಿ ಎಂಜಿನ್ನಿನ ವಿಮಾನವನ್ನು ಕಲಿಸುವುದು ಒಂದು; ಒಂದಕ್ಕಿಂತ ಹೆಚ್ಚು ಎಂಜಿನ್ನುಗಳುಳ್ಳ ವಿಮಾನವನ್ನು ಕಲಿಸುವುದು ಇನ್ನೊಂದು; ಹೊರಗೆ ಏನೂ ಕಾಣದ ಮೋಡದೊಳಗೆ ಕೇವಲ ಗಡಿಯಾರದಂಥ ಉಪಕರಣಗಳನ್ನು ನೋಡಿಕೊಂಡು ಹಾರುವುದನ್ನು, ಅಂದರೆ ‘ಇನ್‌ಸ್ಟ್ರುಮೆಂಟ್’ ಹಾರಾಟವನ್ನು ಕಲಿಸುವುದು ಮತ್ತೊಂದು. ಹೆಲಿಕಾಪ್ಟರ್, ಗ್ಲೈಡರ್ ಮೊದಲಾದವುಗಳಿಗೆ ಬೇರೆ ಬೇರೆ ಅರ್ಹತೆಗಳುಂಟು. ಅವು ನಮ್ಮ ಚರ್ಚೆಗೆ ಬೇಡ.

ಇತರ ದೇಶಗಳಲ್ಲಿ ವ್ಯವಸ್ಥೆ ಹೀಗಿಲ್ಲ. ಭಾರತದಲ್ಲಿ ಬೋಧಕನಾಗುವವನು ಮೊದಲು ‘ಅಸಿಸ್ಟೆಂಟ್ ಫ್ಲೈಟ್ ಇನ್‌ಸ್ಟ್ರಕ್ಟರ್’, ಎಂದರೆ ಸಹಾಯಕ ಬೋಧಕನಾಗಿ, ಹಿರಿಯನೊಬ್ಬನ ಕೈಕೆಳಗೆ ಕೆಲಸ ಮಾಡಿ, ಆಮೇಲೆ ಪೂರ್ಣ ಬೋಧಕನಾಗುತ್ತಾನೆ. ಕೆನಡಾದಲ್ಲಿ ನಾಲ್ಕು ದರ್ಜೆಗಳಿವೆ. ಹೊಸಬನು ನಾಲ್ಕನೆಯ ದರ್ಜೆಯಿಂದ ಆರಂಭಿಸಿ ಒಂದನೆಯದಕ್ಕೆ ಏರಬೇಕು. ಇವೆಲ್ಲ ಏಣಿಗಳು. ಏಣಿಯಲ್ಲಿ ಮೊದಲ ಮೆಟ್ಟಿಲು ಯಾವುದೆಂದು ಯಾರೂ ಕೇಳುವುದಿಲ್ಲ. ಅಮೆರಿಕದ್ದು ಏಣಿಯಲ್ಲ, ತೊಟ್ಟಿಯ ಮನೆ, ಸುತ್ತಲೂ ಕೋಣೆಗಳು. ಯಾವ ಕೋಣೆಯ ಬಾಗಿಲನ್ನು ಮೊದಲು ತಟ್ಟಬೇಕೆಂಬುದನ್ನು ಬಂದವನೇ ನಿಶ್ಚಯಿಸಬೇಕು.

ಬರುವವರಾದರೂ ಯಾರು? ಕಲಿಸುವ ಆಸೆಯಿಂದಲೇ ಬರುವವರು ಕೆಲವರು. ಬಹುಮಂದಿ ಬರುವುದು ಗಂಟೆಗಳಿಗಾಗಿ. ಸಾಮಾನ್ಯ ಮಾರ್ಗದಲ್ಲಿ ೨೫೦ ಗಂಟೆಗಳ ಹಾರಾಟವಾದರೆ ‘ಕಮರ್ಷಿಯಲ್’ ಲೈಸೆನ್ಸು ಸಿಕ್ಕುತ್ತದೆ. ಆದರೆ ವಿಮಾನ ಕಂಪನಿಯಲ್ಲಿ ಪ್ರಯಾಣಿಕರನ್ನು ಒಯ್ಯುವ ಕೆಲಸಕ್ಕೆ ೧,೫೦೦ ಗಂಟೆ ಬೇಕು. ಕೆಲವು ಪದವೀಧರರಿಗೂ ಸೈನ್ಯದಲ್ಲಿದ್ದವರಿಗೂ ಸ್ವಲ್ಪ ರಿಯಾಯಿತಿ ಇದೆ. ಈ ನಿಯಮದ ಹಿಂದೆ ಒಂದು ದುರಂತವುಂಟು. ೨೦೦೯ರ ಫೆಬ್ರವರಿ ೧೨ರಂದು ನ್ಯೂಯಾರ್ಕ್ ಸಂಸ್ಥಾನದ ಬಫಲೊ ನಗರದ ಬಳಿ ಕೋಲ್ಗನ್ ಕಂಪನಿಯ ವಿಮಾನವೊಂದು ಇಳಿಯುವ ಹೊತ್ತಿನಲ್ಲಿ ಬಿದ್ದು, ನೆಲದ ಮೇಲಿದ್ದ ಒಬ್ಬನೂ ಸೇರಿ ೫೦ ಮಂದಿ ಸತ್ತರು. ವೇಗ ಕುಗ್ಗಿ ರೆಕ್ಕೆ ಗಾಳಿಯ ಹಿಡಿತ ಕಳೆದುಕೊಳ್ಳುವ ಸೂಚನೆ ಬಂದಾಗ ಮೂತಿಯನ್ನು ತಗ್ಗಿಸಬೇಕಾಗಿದ್ದ ಕಪ್ತಾನನು ದಂಡವನ್ನು ತನ್ನ ಕಡೆಗೆ ಎಳೆದನು. ೨೦೧೦ರಲ್ಲಿ ಕಾಂಗ್ರೆಸ್ಸು ಕಾಯಿದೆ ಮಾಡಿತು. ೨೦೧೩ರಲ್ಲಿ ೧,೫೦೦ ಗಂಟೆಗಳ ನಿಯಮವು ಸಹಚಾಲಕನಿಗೂ ಅನ್ವಯಿಸಿತು. ಆ ದಿನ ಕಾಕ್‌ಪಿಟ್ಟಿನಲ್ಲಿದ್ದ ಇಬ್ಬರಿಗೂ ೧,೫೦೦ಕ್ಕಿಂತ ಹೆಚ್ಚಿನ ಗಂಟೆಗಳ ಅನುಭವವಿದ್ದಿತು ಎಂಬುದನ್ನೂ ವಾಚಕರು ಗಮನಿಸಬೇಕು.

ಹೀಗೆ ೨೫೦ಕ್ಕೂ ೧,೫೦೦ಕ್ಕೂ ನಡುವೆ ಒಂದು ದೊಡ್ಡ ಬಯಲು ಬಿದ್ದಿತು. ಅದನ್ನು ಸ್ವಂತ ಹಣದಿಂದ ದಾಟುವುದು ಸಾಹುಕಾರರಿಗೂ ಕಷ್ಟ. ಬೋಧಕನಾದರೆ ಶಿಷ್ಯನು ವಿಮಾನದ ಬಾಡಿಗೆಯನ್ನು ಕೊಡುತ್ತಾನೆ, ಬೋಧಕನಿಗೆ ಸಂಭಾವನೆಯನ್ನೂ ಕೊಡುತ್ತಾನೆ, ಹಾರಿದ ಗಂಟೆಯು ಬೋಧಕನ ಲಾಗ್ ಪುಸ್ತಕಕ್ಕೂ ಸೇರುತ್ತದೆ. ಆದುದರಿಂದ, ತಾನು ಕಲಿತು ಮುಗಿಸುವ ಮೊದಲೇ ಕಲಿಸಲು ಹೊರಟ ಇಪ್ಪತ್ತು ಇಪ್ಪತ್ತೆರಡು ವಯಸ್ಸಿನ ಗುರುಗಳು ಅಲ್ಲಿ ಬಹಳ. ಇದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆ ಮಾತು. ಇಂಥವನು ಯಾವ ಬಾಗಿಲಿನಿಂದ ಬರುತ್ತಾನೆ ಎಂಬುದು ಅವನ ಕೈಗೆ ಸಿಕ್ಕುವ ಶಿಷ್ಯನ ಪ್ರಾಣದ ವಿಷಯವಾಗಿದೆ.

ಈಗ ‘ಇನ್‌ಸ್ಟ್ರುಮೆಂಟ್ ಮೊದಲು’ ಎನ್ನುವವರ ವಾದವನ್ನು ಕೇಳೋಣ. ಅದು ಸುಲಭವಾಗಿ ತಳ್ಳಿಹಾಕತಕ್ಕ ವಾದವಲ್ಲ. ಮೊದಲನೆಯ ಬೋಧಕಪರೀಕ್ಷೆಯು ಯಾವ ಅರ್ಹತೆಗೇ ಆಗಲಿ, ಅದರಲ್ಲಿ ಬೋಧನಾತತ್ತ್ವಗಳ ಭಾಗವೂ ಸೇರಿರುವುದರಿಂದ ದೀರ್ಘವೂ ಕಠಿನವೂ ಆಗಿರುತ್ತದೆ. ಪರೀಕ್ಷಕನ ಮುಂದೆ ಗಂಟೆಗಟ್ಟಲೆ ಮಾತಿನ ಪರೀಕ್ಷೆ. ಅದಾದ ಮೇಲೆ ಹಾರಾಟ. ಒಂದು ಸಲ ಬೋಧಕನಾದ ಮೇಲೆ ಎರಡನೆಯ, ಮೂರನೆಯ ಅರ್ಹತೆಗಳ ಪರೀಕ್ಷೆಗಳಲ್ಲಿ ಬೋಧನಾತತ್ತ್ವಗಳ ಆ ಭಾಗವನ್ನು ಪುನಃ ಎದುರಿಸಬೇಕಾಗಿಲ್ಲ. ಅಂದಮೇಲೆ ಹೊರೆಯ ದಿನದಲ್ಲಿ ಹೊರೆಯನ್ನು ಕಡಿಮೆ ಮಾಡಿಕೊಳ್ಳುವುದು ಜಾಣತನವಲ್ಲವೇ? ಇನ್‌ಸ್ಟ್ರುಮೆಂಟ್ ಅರ್ಹತೆಯ ಲಿಖಿತ ಪರೀಕ್ಷೆಯಲ್ಲಿ ೫೦ ಪ್ರಶ್ನೆಗಳು; ವಿಮಾನದ ಅರ್ಹತೆಯದರಲ್ಲಿ ೧೦೦. ಇನ್‌ಸ್ಟ್ರುಮೆಂಟಿನಲ್ಲಿ ಕಂಬವನ್ನು ಸುತ್ತಿ ಎಂಟಂಕಿ ಬರೆಯುವ ಹಾರಾಟವಿಲ್ಲ, ಇಳಿದಾಣದ ಗುರುತಿನ ಮೇಲೆ ಚಕ್ರವಿಡುವ ಪಂದ್ಯವಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಸ್ಪಿನ್ ತರಬೇತಿಯ ಕಡ್ಡಾಯವಿಲ್ಲ. ತರುಣನು ಇನ್‌ಸ್ಟ್ರುಮೆಂಟ್ ಹಾರಾಟವನ್ನು ಈಚೆಗೆ ತಾನೇ ಕಲಿತಿರುತ್ತಾನೆ, ನೆನಪು ಹಸಿಯಾಗಿರುತ್ತದೆ. ಹಿಂದೆ ಇನ್ನೊಂದು ಕಾರಣವೂ ಇದ್ದಿತು. ವಿಮಾನದ ಅರ್ಹತೆಗೆ ಪರೀಕ್ಷೆ ಕೊಡುವವನು ಚಕ್ರಗಳನ್ನು ಹೊಟ್ಟೆಯೊಳಗೆ ಮಡಚಿಕೊಳ್ಳುವ, ಪ್ರೊಪೆಲ್ಲರಿನ ಓರೆಯನ್ನು ಬದಲಿಸಬಹುದಾದ, ದುಬಾರಿ ಬಾಡಿಗೆಯ ವಿಮಾನವನ್ನು ತರಬೇಕಾಗಿತ್ತು. ಇನ್‌ಸ್ಟ್ರುಮೆಂಟಿಗೆ ಸಾಧಾರಣ ವಿಮಾನವೇ ಸಾಕಾಗುತ್ತಿತ್ತು. ೨೦೧೮ರ ಏಪ್ರಿಲಿನಲ್ಲಿ ಇಲಾಖೆಯವರು ಆ ಕಟ್ಟುಪಾಡನ್ನು ತೆಗೆದುಹಾಕಿದರು. ಕಾರಣ ಹೋದರೂ ಸಲಹೆ ಮಾತ್ರ ಬಾಯಿಂದ ಬಾಯಿಗೆ ನಡೆದು ಬರುತ್ತಿದೆ.

ಈ ವಾದದಲ್ಲಿ ಪರೀಕ್ಷೆಯ ಮಾತು ಬಹಳ ಇದೆ. ಶಿಷ್ಯನ ಮಾತೇ ಇಲ್ಲ. ಇನ್‌ಸ್ಟ್ರುಮೆಂಟ್ ಅರ್ಹತೆಯೊಂದನ್ನೇ ಪಡೆದವನು ಯಾರಿಗೆ ಪಾಠ ಹೇಳಬಲ್ಲನು? ಆ ಬಗೆಯ ವಿಮಾನವನ್ನು ಹಾರಿಸುವ ಲೈಸೆನ್ಸು ಈಗಾಗಲೇ ಇರುವವನಿಗೆ ಮಾತ್ರ. ಹಾರಾಟದ ಅಆಇಈ ಕಲಿಯಬಂದವನನ್ನು ಅವನು ಮುಟ್ಟುವಂತಿಲ್ಲ. ಶಿಷ್ಯನನ್ನು ಒಬ್ಬಂಟಿಯಾಗಿ ಹಾರಲು ಕಳುಹಿಸುವ ಅಧಿಕಾರವೂ ಅವನಿಗಿಲ್ಲ. ಅವನ ಸ್ಥಾನ ಕಾಲೇಜಿನ ಉಪನ್ಯಾಸಕನದು. ಓದುಬರಹ ಬಲ್ಲವರೇ ಅವನ ಮುಂದೆ ಬಂದು ಕೂಡುತ್ತಾರೆ. ಅವನು ಛಂದಸ್ಸನ್ನೋ ಅಲಂಕಾರವನ್ನೋ ಹೇಳುತ್ತಾನೆ. ವಿಮಾನದ ಅರ್ಹತೆ ಪಡೆದವನು ಪ್ರಾಥಮಿಕ ಶಾಲೆಯ ಮೇಷ್ಟರು. ಮಗುವಿನ ಬೆರಳು ಹಿಡಿದು ಮರಳಿನ ಮೇಲೆ ತಿದ್ದಿಸಬೇಕಾದವನು ಅವನು. (ನಮ್ಮ ಉಪನ್ಯಾಸಕರು ಈ ಹೋಲಿಕೆಯನ್ನು ತಪ್ಪು ತಿಳಿಯಬಾರದು. ಅಮೆರಿಕದ ನಿಯಮಗಳೇ ಅವರಿಗೆ ಒಂದು ಗೌರವವನ್ನು ಸಲ್ಲಿಸಿವೆ: ಮನ್ನಣೆ ಪಡೆದ ಕಾಲೇಜಿನಲ್ಲಿ ಅಧ್ಯಾಪಕರಾಗಿರುವವರು ಹಾರಾಟ ಬೋಧಕರಾಗಹೊರಟರೆ ಬೋಧನಾತತ್ತ್ವದ ಲಿಖಿತ ಪರೀಕ್ಷೆಯಿಂದ ಅವರಿಗೆ ವಿನಾಯಿತಿ ಉಂಟು.) ಶಿಕ್ಷಣ ಕೇಂದ್ರಗಳಲ್ಲಿ ಹೊಸ ಬೋಧಕನ ಪಾಲಿಗೆ ಬರುವ ಕೆಲಸವಾದರೋ ಬಹುಮಟ್ಟಿಗೆ ಮರಳಿನ ಮೇಲೆ ತಿದ್ದಿಸುವುದೇ. ಆದುದರಿಂದ ಪರೀಕ್ಷೆ ಹಗುರವಾಯಿತೆಂದು ಸಂತೋಷಪಟ್ಟವನು ಮನೆಯಲ್ಲಿ ಕುಳಿತು, ಎರಡನೆಯ ಅರ್ಹತೆಗೆ ಓದುತ್ತ, ಸಾಲದ ಬಡ್ಡಿಯನ್ನು ಎಣಿಸುವ ಸಂಭವ ಹೆಚ್ಚು.

ಇದು ಹಣದ ಲೆಕ್ಕ. ಇದಕ್ಕಿಂತ ಆಳವಾದ ಕಾರಣವೊಂದಿದೆ. ಅದು ಮೇಲೆ ಹೇಳಿದ ಸ್ಪಿನ್ನಿನಲ್ಲಿ ಅಡಗಿದೆ.

ರೆಕ್ಕೆಯು ಎದುರಿನ ಗಾಳಿಗೆ ಒಂದು ಮಿತಿಯೊಳಗಿನ ಓರೆಯಲ್ಲಿ ಇರುವವರೆಗೆ ವಿಮಾನವನ್ನು ಎತ್ತಿ ಹಿಡಿಯುತ್ತದೆ. ಮೂತಿಯನ್ನು ಎಳೆದೂ ಎಳೆದೂ ಆ ಓರೆ ಮಿತಿ ಮೀರಿತೋ, ಮೇಲ್ಮೈಯ ಗಾಳಿ ಚದರಿ ರೆಕ್ಕೆ ಸೋಲುತ್ತದೆ. ಇದೇ ‘ಸ್ಟಾಲ್’. ಎರಡು ರೆಕ್ಕೆಗಳೂ ಸಮನಾಗಿ ಸೋತರೆ ಮೂತಿ ತಗ್ಗುತ್ತದೆ, ವೇಗ ಬರುತ್ತದೆ, ವಿಮಾನ ಚೇತರಿಸಿಕೊಳ್ಳುತ್ತದೆ. ಒಂದು ರೆಕ್ಕೆ ಹೆಚ್ಚು, ಇನ್ನೊಂದು ಕಡಿಮೆ ಸೋತರೆ ವಿಮಾನ ಬುಗುರಿಯಂತೆ ಸುತ್ತುತ್ತ ಕೆಳಗಿಳಿಯುತ್ತದೆ. ಇದೇ ‘ಸ್ಪಿನ್’. ಪಾರಾಗುವ ಕ್ರಮ ಬಹುತೇಕ ತರಬೇತಿ ವಿಮಾನಗಳಿಗೆ ಒಂದೇ: ಎಂಜಿನ್ನಿನ ಬಲವನ್ನು ತೆಗೆಯುವುದು, ರೆಕ್ಕೆತುದಿಯ ಐಲೆರಾನುಗಳನ್ನು ನೇರವಾಗಿಡುವುದು, ಸುತ್ತಿಗೆ ಎದುರಾಗಿ ರಡ್ಡರನ್ನು ಪೂರ್ತಿ ಒತ್ತುವುದು, ದಂಡವನ್ನು ಮುಂದಕ್ಕೆ ತಳ್ಳುವುದು, ಸುತ್ತು ನಿಂತೊಡನೆ ರಡ್ಡರನ್ನು ಸರಿಮಾಡಿ ಮೆಲ್ಲಗೆ ಮೂತಿಯನ್ನೆತ್ತುವುದು. ಬರೆದರೆ ನಾಲ್ಕು ಸಾಲು. ಆದರೆ ಭೂಮಿ ಕಣ್ಣಮುಂದೆ ಗಿರಗಿರನೆ ತಿರುಗುವಾಗ ದಂಡವನ್ನು ಭೂಮಿಯ ಕಡೆಗೇ ತಳ್ಳು ಎಂದರೆ ಯಾರ ಕೈ ಒಪ್ಪುತ್ತದೆ? ೧೯೧೨ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಲಾರ್ಕ್‌ಹಿಲ್ಲಿನ ಮೇಲೆ ವಿಲ್‌ಫ್ರೆಡ್ ಪಾರ್ಕ್ ಎಂಬ ನೌಕಾಪಡೆಯ ಅಧಿಕಾರಿ ಸ್ಪಿನ್ನಿಗೆ ಸಿಕ್ಕಿ, ಕೊನೆಗಳಿಗೆಯಲ್ಲಿ ಎದುರು ರಡ್ಡರ್ ಒತ್ತಿ ಬದುಕಿ ಬಂದುದು ಅಂದಿನವರಿಗೆ ದೊಡ್ಡ ವಿಸ್ಮಯವಾಗಿದ್ದಿತು.

ಇದನ್ನು ವಿಸ್ಮಯದಿಂದ ಪಾಠಕ್ಕೆ ಇಳಿಸಿದವನು ರಾಬರ್ಟ್ ಸ್ಮಿತ್ ಬ್ಯಾರಿ. ಒಂದನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಪಡೆಯ ಬೋಧಕರು ಅನೇಕ ವೇಳೆ ಯುದ್ಧರಂಗದಲ್ಲಿ ದಣಿದು ವಿಶ್ರಾಂತಿಗಾಗಿ ಕಳುಹಿಸಲ್ಪಟ್ಟವರು. ಕಲಿಸುವುದೂ ಒಂದು ವಿದ್ಯೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಸ್ಮಿತ್ ಬ್ಯಾರಿಯು ೧೯೧೭ರಲ್ಲಿ ಗಾಸ್‌ಪೋರ್ಟ್ ಎಂಬಲ್ಲಿ ಬೋಧಕರಿಗಾಗಿಯೇ ಶಾಲೆಯನ್ನು ನಡೆಸಿದನು. ಆವ್ರೊ ೫೦೪ ಎಂಬ ಜೋಡಿ ಆಸನದ ವಿಮಾನ. ಎಂಜಿನ್ನಿನ ಗದ್ದಲದಲ್ಲಿಯೂ ಗುರುವಿನ ಮಾತು ಶಿಷ್ಯನ ಕಿವಿಗೆ ಮುಟ್ಟುವಂತೆ ಒಂದು ರಬ್ಬರ್ ಕೊಳವೆ. ಅಪಾಯದ ಚಲನೆಗಳನ್ನು ನಿಷೇಧಿಸಿದರೆ ಶಿಷ್ಯನು ಬದುಕುತ್ತಾನೆ ಎಂಬುದು ಹಿಂದಿನವರ ನಂಬಿಕೆ. ಸ್ಮಿತ್ ಬ್ಯಾರಿ ಅದನ್ನು ತಿರುಗಿಸಿದನು: ಬೋಧಕನು ಪಕ್ಕದಲ್ಲಿರುವಾಗಲೇ ಶಿಷ್ಯನನ್ನು ಬೇಕೆಂದೇ ಅಪಾಯಕ್ಕೆ ಒಯ್ದು, ಅಲ್ಲಿಂದ ಬರುವ ದಾರಿಯನ್ನು ಅವನ ಕೈಗೆ ತಿಳಿಸಬೇಕು. ಇಂದು ಜಗತ್ತಿನಲ್ಲಿ ನಡೆಯುವ ಹಾರಾಟಬೋಧನೆಯ ಬೇರು ಬಹುಮಟ್ಟಿಗೆ ಆ ಶಾಲೆಯಲ್ಲಿದೆ.

ಅಮೆರಿಕದಲ್ಲಿ ೧೯೪೯ರಿಂದೀಚೆಗೆ ಖಾಸಗಿ ಲೈಸೆನ್ಸಿನ ಅಭ್ಯರ್ಥಿ ಸ್ಪಿನ್ ಮಾಡಿ ತೋರಿಸಬೇಕಾಗಿಲ್ಲ. ಸ್ಪಿನ್ನಿಗೆ ಹೋಗದಂತೆ ಸ್ಟಾಲನ್ನು ಗುರುತಿಸಿದರೆ ಸಾಕೆಂದು ನಿರ್ಣಯಿಸಲಾಯಿತು. ಆದರೆ ಬೋಧಕನಾಗುವವನಿಗೆ ಮಾತ್ರ ಅದನ್ನು ಉಳಿಸಿದರು. ವಿಮಾನದ ಅಥವಾ ಗ್ಲೈಡರಿನ ಬೋಧಕನು ಸ್ಪಿನ್ನಿನ ಪ್ರವೇಶ, ಸುತ್ತು, ಬಿಡುಗಡೆ ಮೂರನ್ನೂ ವಿಮಾನದಲ್ಲಿ ಕಲಿತಿದ್ದಾನೆಂದು ಇನ್ನೊಬ್ಬ ಬೋಧಕನು ಅವನ ಪುಸ್ತಕದಲ್ಲಿ ಬರೆದುಕೊಡಬೇಕು. ಏಕೆ? ಶಿಷ್ಯನು ಇದನ್ನು ಬೇಕೆಂದು ಮಾಡುವುದಿಲ್ಲ, ತಿಳಿಯದೆ ಮಾಡುತ್ತಾನೆ. ಆಗ ವಿಮಾನದಲ್ಲಿ ತಿಳಿದವನೊಬ್ಬನಾದರೂ ಇರಬೇಕಷ್ಟೆ. ರನ್‌ವೇಯ ಕಡೆಗೆ ಕೊನೆಯ ತಿರುವು ತೆಗೆದುಕೊಳ್ಳುವಾಗ ಇದು ಹೇಗೆ ಬರುತ್ತದೆಂಬುದನ್ನು ನೋಡಿ. ಶಿಷ್ಯನು ತಿರುವಿನಲ್ಲಿ ತಡಮಾಡಿ ರನ್‌ವೇಯ ನೇರವನ್ನು ದಾಟಿಹೋಗುತ್ತಾನೆ. ನೆಲದ ಸಮೀಪ ರೆಕ್ಕೆಯನ್ನು ಹೆಚ್ಚು ಓರೆಮಾಡಲು ಅಂಜಿ, ಒಳಗಡೆಯ ರಡ್ಡರನ್ನು ತುಳಿದು ಮೂತಿಯನ್ನು ತಿರುಗಿಸಲು ನೋಡುತ್ತಾನೆ. ರೆಕ್ಕೆ ಇನ್ನೂ ಓರೆಯಾಗುತ್ತದೆ. ಅದನ್ನು ತಡೆಯಲು ಐಲೆರಾನನ್ನು ಹೊರಗಡೆಗೆ ಕೊಡುತ್ತಾನೆ. ಮೂತಿ ತಗ್ಗುತ್ತದೆ, ದಂಡವನ್ನು ಎಳೆಯುತ್ತಾನೆ. ಪ್ರತಿಯೊಂದು ಚಲನೆಯೂ ಅವನ ಬುದ್ಧಿಗೆ ನ್ಯಾಯವಾಗಿಯೇ ಕಾಣುತ್ತದೆ. ಎಲ್ಲವೂ ಸೇರಿ ಆಗುವುದು ಸ್ಪಿನ್ನಿನ ಪಕ್ಕಾ ಸಿದ್ಧತೆ. ಎತ್ತರವೋ ಕೆಲವು ನೂರು ಅಡಿ. ಅಲ್ಲಿ ಸ್ಪಿನ್ನಾದರೆ ಬಿಡಿಸಿಕೊಳ್ಳಲು ಎಡೆಯಿಲ್ಲ. ಬೋಧಕನ ವಿದ್ಯೆ ಇರುವುದು ಆ ನಾಲ್ಕು ಹೆಜ್ಜೆಗಳಲ್ಲಿ ಎರಡನೆಯದನ್ನು ಕಂಡೊಡನೆ ಮೂರನೆಯದನ್ನು ತಡೆಯುವುದರಲ್ಲಿ.

ಈಗ ವಿಚಾರ ಮಾಡಿ: ಇನ್‌ಸ್ಟ್ರುಮೆಂಟಿನಿಂದ ಆರಂಭಿಸಿದವನಿಗೆ ಇದೆಲ್ಲ ಎರಡನೆಯ ಪಾಠ. ಅವನ ಮೊದಲ ಶಿಷ್ಯರು ವಿಮಾನವನ್ನು ಸಾಕಷ್ಟು ಹತೋಟಿಯಲ್ಲಿಟ್ಟುಕೊಳ್ಳಬಲ್ಲವರು. ಅವರ ತಪ್ಪುಗಳು ಬಹುಮಟ್ಟಿಗೆ ಮನಸ್ಸಿನವು: ರೇಡಿಯೋದ ಮಾತು ಮರೆಯುವುದು, ನಕ್ಷೆಯ ಎತ್ತರವನ್ನು ತಪ್ಪಾಗಿ ಓದುವುದು, ಒಂದು ಉಪಕರಣವನ್ನೇ ದಿಟ್ಟಿಸುತ್ತ ಮಿಕ್ಕವನ್ನು ಬಿಡುವುದು. ಇವೂ ಪ್ರಾಣ ತೆಗೆಯಬಲ್ಲವು, ಸುಳ್ಳಲ್ಲ. ಆದರೂ ಹೊರಗೆ ಸ್ವಚ್ಛವಾದ ಆಕಾಶವಿದ್ದು ಶಿಷ್ಯನ ಕಣ್ಣಿಗೆ ಮರೆ ಕಟ್ಟಿ ಅಭ್ಯಾಸ ಮಾಡಿಸುವಾಗ ಬೋಧಕನಿಗೆ ಮಾತಿನಿಂದ ತಿದ್ದಲು ಸಾಮಾನ್ಯವಾಗಿ ಸಮಯವಿರುತ್ತದೆ. ಹೊಸಬನು ಇಳಿಯುವಾಗ ನೆಲದಿಂದ ಹತ್ತಡಿ ಎತ್ತರದಲ್ಲಿ ಮಾಡುವ ತಪ್ಪಿಗೆ ಮಾತು ಸಾಲದು. ಅಲ್ಲಿ ಕೈಯನ್ನು ಎಷ್ಟು ಹೊತ್ತು ಮಡಿಲಿನಲ್ಲಿಟ್ಟುಕೊಂಡಿರಬೇಕು, ಯಾವ ಗಳಿಗೆಯಲ್ಲಿ ದಂಡಕ್ಕೆ ಹಾಕಬೇಕು ಎಂಬುದೇ ಪ್ರಶ್ನೆ. ಬೇಗ ಹಾಕಿದರೆ ಶಿಷ್ಯನು ಏನನ್ನೂ ಕಲಿಯುವುದಿಲ್ಲ; ತಡವಾದರೆ ವಿಮಾನ ಉಳಿಯುವುದಿಲ್ಲ. ಈ ನಡುವಣ ಎಳೆಯನ್ನು ಗ್ರಂಥದಿಂದ ಪಡೆಯಲಾಗದು.

ಅದರ ಜೊತೆಗೆ ಬಲಗಡೆಯ ಆಸನದ ತೊಡಕು ಬೇರೆ. ಸೆಸ್ನಾ ೧೭೨ರಂಥ ವಿಮಾನದಲ್ಲಿ ಶಿಷ್ಯನು ಎಡಕ್ಕೂ ಗುರುವು ಬಲಕ್ಕೂ ಕೂಡುತ್ತಾರೆ. ಇನ್ನೂರೈವತ್ತು ಗಂಟೆ ಎಡಗಡೆಯಿಂದಲೇ ಹಾರಿದವನಿಗೆ ಬಲಕ್ಕೆ ಬಂದೊಡನೆ ರನ್‌ವೇ ಓರೆಯಾಗಿ ಕಾಣುತ್ತದೆ. ಬಲಗೈ ಮಾಡುತ್ತಿದ್ದ ಕೆಲಸ ಎಡಗೈಗೆ ಬರುತ್ತದೆ. ಕನ್ನಡಿಯಲ್ಲಿ ನೋಡಿಕೊಂಡು ಬರೆದಂತೆ. ಅದರ ಮೇಲೆ ಹಾರುತ್ತಲೇ ಮಾತನಾಡಬೇಕು, ಏನು ಮಾಡುತ್ತಿದ್ದೇನೆ, ಏಕೆ ಮಾಡುತ್ತಿದ್ದೇನೆ ಎಂದು. ವಿಮಾನದ ಅರ್ಹತೆಯನ್ನು ಮೊದಲು ಆರಿಸಿಕೊಂಡವನು ಇದನ್ನೆಲ್ಲ ಪರೀಕ್ಷೆಗಾಗಿಯೇ ತಿದ್ದಿ ತಿದ್ದಿ ಅಭ್ಯಾಸ ಮಾಡುತ್ತಾನೆ. ಅಷ್ಟೇ ಅಲ್ಲ, ಮೊದಲ ಸಲ ಬೋಧಕಪತ್ರ ಪಡೆಯುವವನನ್ನು ತಯಾರುಮಾಡುವ ಗುರುವಿಗೂ ಸಾಮಾನ್ಯವಾಗಿ ಎರಡು ವರ್ಷಗಳ ಹಿರಿತನವೂ ೨೦೦ ಗಂಟೆ ಕಲಿಸಿದ ಅನುಭವವೂ ಇರಬೇಕೆಂಬ ಕಟ್ಟಳೆಯುಂಟು. ಮುಂದಿನ ಅರ್ಹತೆಗಳಿಗೆ ಅಂಥ ಕಟ್ಟಳೆಯಿಲ್ಲ. ನಿನ್ನೆ ಬೋಧಕನಾದವನೂ ಕಲಿಸಬಹುದು. ಅನುಭವಿಯಾದ ಗುರುವು ನಿಶ್ಚಯವಾಗಿ ದೊರೆಯುವುದು ಮೊದಲನೆಯ ಸಲವೇ ಎಂದಾದರೆ, ಆ ಗುರುವಿನಿಂದ ಯಾವುದನ್ನು ಕಲಿಯಬೇಕು? ಕೈಗೆ ಸಂಬಂಧಪಟ್ಟದ್ದನ್ನೋ, ಕಾಗದಕ್ಕೆ ಸಂಬಂಧಪಟ್ಟದ್ದನ್ನೋ? ನನ್ನ ಅಭಿಪ್ರಾಯದಲ್ಲಿ ಈ ಒಂದು ಅಂಶವೇ ಚರ್ಚೆಯನ್ನು ಮುಗಿಸಲು ಸಾಕು.

ಮನಶ್ಶಾಸ್ತ್ರದ ವಿದ್ಯಾರ್ಥಿಗಳಿಗೆ ಎಡ್ವರ್ಡ್ ಥಾರ್ನ್‌ಡೈಕನ ಕಲಿಕೆಯ ನಿಯಮಗಳು ಪರಿಚಿತವೇ: ಸಿದ್ಧತೆ, ಅಭ್ಯಾಸ, ಪರಿಣಾಮ. ಅಮೆರಿಕದ ಹಾರಾಟ ಬೋಧಕರ ಕೈಪಿಡಿಯಲ್ಲಿ ಇವುಗಳ ಜೊತೆಗೆ ‘ಮೊದಲಿನದರ ನಿಯಮ’ ಎಂಬುದನ್ನೂ ಹೇಳುತ್ತಾರೆ. ಮೊದಲು ಕಲಿತದ್ದು ಗಟ್ಟಿಯಾಗಿ ನಿಲ್ಲುತ್ತದೆ. ತಪ್ಪಾಗಿ ಕಲಿತದ್ದನ್ನು ಅಳಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಇದನ್ನು ಅವರು ಶಿಷ್ಯನಿಗಾಗಿ ಹೇಳಿದ್ದಾರೆ. ಗುರುವಿಗೂ ಇದು ಅನ್ವಯಿಸುತ್ತದೆ ಎಂದರೆ ತಪ್ಪೇ? ಮೊದಲ ನೂರು ಗಂಟೆ ಯಾರೊಡನೆ ಕುಳಿತನೋ ಅಂಥವರ ಗುರುವಾಗಿ ಅವನು ರೂಪುಗೊಳ್ಳುತ್ತಾನೆ.

ಹಾಗೆಂದು ಇನ್‌ಸ್ಟ್ರುಮೆಂಟನ್ನು ಮೊದಲು ಆರಿಸಿಕೊಂಡವರೆಲ್ಲ ಅವಿವೇಕಿಗಳೆಂದು ಅರ್ಥವಲ್ಲ. ಅನೇಕ ವರ್ಷ ಹಾರಾಟ ಮಾಡಿ, ಕಲಿಸುವುದನ್ನು ಹವ್ಯಾಸವಾಗಿ ಇಟ್ಟುಕೊಂಡು, ಲೈಸೆನ್ಸುಳ್ಳ ಗೆಳೆಯರಿಗಷ್ಟೇ ಪಾಠ ಹೇಳಬೇಕೆನ್ನುವವನಿಗೆ ಅದು ಯೋಗ್ಯವಾದ ದಾರಿ. ದೇಹಸ್ಥಿತಿಯ ಕಾರಣದಿಂದ ಸ್ಪಿನ್ನಿನಂಥ ಚಲನೆ ಒಗ್ಗದವನಿಗೂ ಇದೇ ದಾರಿ ಉಳಿಯುತ್ತದೆ. ಕೆಲವು ಶಿಕ್ಷಣ ಕೇಂದ್ರಗಳಲ್ಲಿ ಎರಡನ್ನೂ ವಾರಗಳ ಅಂತರದಲ್ಲಿ ಮುಗಿಸುತ್ತಾರೆ. ಅಲ್ಲಿ ಯಾವುದು ಮೊದಲಾದರೂ ಅಂಥ ವ್ಯತ್ಯಾಸವಿಲ್ಲ. ತೊಂದರೆ ಬರುವುದು ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಹಣ ಮುಗಿದಾಗ. ಅಂಥ ಸಂದರ್ಭದಲ್ಲಿ ಕೈಯಲ್ಲಿರುವ ಒಂದೇ ಅರ್ಹತೆ ಅನ್ನ ಕೊಡುವಂಥದಾಗಿರಬೇಕು. ವಿಮಾನದ ಬೋಧಕನು ಖಾಸಗಿ ಲೈಸೆನ್ಸಿಗೆ ಬೇಕಾದ ೩ ಗಂಟೆಗಳ ಉಪಕರಣಾಭ್ಯಾಸವನ್ನೂ ತಾನೇ ಮಾಡಿಸಬಲ್ಲನು. ಇನ್‌ಸ್ಟ್ರುಮೆಂಟ್ ಬೋಧಕನಿಗೆ ಹೊಸಬನ ವಿಷಯದಲ್ಲಿ ಅಷ್ಟು ಸಲಿಗೆಯೂ ಇಲ್ಲ.

ಬಹು ಎಂಜಿನ್ನಿನ ಅರ್ಹತೆಯಿಂದ ಆರಂಭಿಸುವವರ ಬಗ್ಗೆ ಬಹಳ ಹೇಳಬೇಕಾಗಿಲ್ಲ. ಅದಕ್ಕೂ ಸ್ಪಿನ್ನಿನ ದಾಖಲೆ ಬೇಕು, ೧೦೦ ಪ್ರಶ್ನೆಗಳ ಪತ್ರಿಕೆಯೂ ಬೇಕು. ಆ ವರ್ಗದ ವಿಮಾನದಲ್ಲಿ ಮುಖ್ಯ ಚಾಲಕನಾಗಿ ೧೫ ಗಂಟೆ ಹಾರಿರಬೇಕು. ಕಲಿಸುವ ಮೊದಲು ಅದೇ ಮಾದರಿಯಲ್ಲಿ ೫ ಗಂಟೆಗಳಾಗಿರಬೇಕು. ಎರಡು ಎಂಜಿನ್ನುಗಳ ಬಾಡಿಗೆ ಎರಡು ಎಂಜಿನ್ನುಗಳದೇ. ಒಂದು ಎಂಜಿನ್ ನಿಂತಾಗ ವಿಮಾನವು ಒಂದು ಪಕ್ಕಕ್ಕೆ ಎಳೆಯುವುದನ್ನು, ಮೊದಲ ಶಿಷ್ಯನೊಡನೆಯೇ ಮೊದಲ ಸಲ ಗುರುವಾಗಿ ಎದುರಿಸುವುದು ಕ್ಷೇಮವೆಂದು ನನಗೆ ತೋರುವುದಿಲ್ಲ. ಮೂರನೆಯದಾಗಿ ಮಾಡಿದರೆ ಅದಕ್ಕೆ ಬೇರೆ ಲಿಖಿತ ಪರೀಕ್ಷೆಯೂ ಇಲ್ಲ.

ಹಣವಿಲ್ಲದವರು ಗಮನಿಸಬೇಕಾದ ಬಾಗಿಲೊಂದು ಮೂಲೆಯಲ್ಲಿದೆ: ನೆಲದ ಬೋಧಕ, ಅಂದರೆ ‘ಗ್ರೌಂಡ್ ಇನ್‌ಸ್ಟ್ರಕ್ಟರ್’. ಇದಕ್ಕೆ ಹಾರಾಟದ ಪರೀಕ್ಷೆಯೇ ಇಲ್ಲ. ಲಿಖಿತ ಪರೀಕ್ಷೆಗಳು ಮಾತ್ರ. ೧೮ ವಯಸ್ಸಾಗಿದ್ದರೆ ಸಾಕು. ಬೋಧನಾತತ್ತ್ವದ ಪತ್ರಿಕೆಯನ್ನು ಹೇಗಿದ್ದರೂ ಹಾರಾಟ ಬೋಧಕನು ಬರೆಯಬೇಕು. ಅದನ್ನೇ ಇಲ್ಲಿ ಮೊದಲು ಬರೆದುಬಿಟ್ಟರೆ ಮುಂದೆ ವಿನಾಯಿತಿ ಸಿಕ್ಕುತ್ತದೆ. ಕರಿಹಲಗೆಯ ಮುಂದೆ ನಿಂತು ರೆಕ್ಕೆಯ ಚಿತ್ರ ಬರೆದು, ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಗೆ ಉತ್ತರ ಹೇಳಿ ಬೆವರಿದವನಿಗೆ, ಗಾಳಿಯಲ್ಲಿ ಹೇಳಬೇಕಾದ ಮಾತು ಅರ್ಧ ಸಿದ್ಧವಾಗಿರುತ್ತದೆ.

ಕಡೆಯದಾಗಿ ನಮ್ಮ ಕಡೆಯಿಂದ ಹೋಗುವವರ ವಿಷಯ. ವೃತ್ತಿಶಿಕ್ಷಣದ ವೀಸಾದ ಮೇಲೆ ಹೋದವರಿಗೆ ಓದು ಮುಗಿದ ಮೇಲೆ ಸಂಬಳದ ಅನುಭವಕ್ಕೆ ಸಿಕ್ಕುವುದು ಓದಿದ ಪ್ರತಿ ನಾಲ್ಕು ತಿಂಗಳಿಗೆ ಒಂದರಂತೆ, ಹೆಚ್ಚೆಂದರೆ ಆರು ತಿಂಗಳು. ಅಷ್ಟರೊಳಗೆ ಶಿಷ್ಯರು ಸಿಕ್ಕಬೇಕಾದರೆ ಹೊಸಬರಿಗೆ ಪಾಠ ಹೇಳುವ ಅಧಿಕಾರ ಮೊದಲ ದಿನದಿಂದಲೇ ಕೈಯಲ್ಲಿರಬೇಕು. ಅಲ್ಲಿಯ ಬೋಧಕಪತ್ರವು ಇಲ್ಲಿಗೆ ಬಂದೊಡನೆ ತಾನಾಗಿ ನಡೆಯುವುದಿಲ್ಲ; ಇಲ್ಲಿಯ ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮಗಳಂತೆ ಅರ್ಹತೆಯನ್ನು ಪಡೆಯಬೇಕು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರದ ಹಾರಾಟ ತರಬೇತಿ ಶಾಲೆ ಮೈಸೂರು ಸಂಸ್ಥಾನದ ಕಾಲದಿಂದ ಬಂದದ್ದು. ಅದೇ ಊರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪಿಸಿದ ಎಚ್.ಟಿ.-೨ ಎಂಬ ತರಬೇತಿ ವಿಮಾನ ೧೯೫೧ರಲ್ಲಿ ಮೊದಲ ಸಲ ಹಾರಿತು. ವಾಯುಪಡೆಯ ಅನೇಕ ತರುಣರು ಮೊದಲು ಹಾರಲು ಕಲಿತದ್ದು ಅದರಲ್ಲಿ. ಅದರ ಆಸನಗಳು ಒಂದರ ಹಿಂದೊಂದು. ಶಿಷ್ಯನ ಮುಖವನ್ನು ಗುರುವು ನೋಡುವಂತಿಲ್ಲ. ವಿಮಾನದ ಅಲುಗಾಟದಿಂದಲೇ ಅವನ ಮನಸ್ಸನ್ನು ಓದಬೇಕು. ಹೊಸಬನ ಕೈಯ ಕಂಪನವನ್ನು ತಿಳಿಯದ ಬೋಧಕನಿಗೆ ಅಂಥ ಹಿಂದಿನ ಆಸನದಲ್ಲಿ ಮಾಡಲು ಏನೂ ಇರುವುದಿಲ್ಲ.

ಅರ್ಹತೆಗಳನ್ನೆಲ್ಲ ಒಂದೇ ಉಸಿರಿನಲ್ಲಿ ಮುಗಿಸಬೇಕೇ ಎಂದು ಕೇಳುವವರಿಗೆ ಒಂದು ಮಾತು. ೨೦೨೪ರ ಡಿಸೆಂಬರ್ ೧ರಿಂದ ಅಮೆರಿಕದ ಬೋಧಕಪತ್ರದ ಮೇಲೆ ಮುಕ್ತಾಯದ ದಿನಾಂಕವನ್ನು ಬರೆಯುವುದಿಲ್ಲ. ಆದರೂ ೨೪ ತಿಂಗಳಿಗೊಮ್ಮೆ ತನ್ನ ವಿದ್ಯೆ ಮಾಸಿಲ್ಲವೆಂದು ಬೋಧಕನು ತೋರಿಸಲೇಬೇಕು. ಹೊಸ ಅರ್ಹತೆಯೊಂದರ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದೂ ಹಾಗೆ ತೋರಿಸುವ ಬಗೆಗಳಲ್ಲಿ ಒಂದು. ಆದುದರಿಂದ ಒಂಟಿ ಎಂಜಿನ್ನಿನ ಅರ್ಹತೆಯನ್ನು ಮೊದಲು ಪಡೆದು, ಕೆಲವು ತಿಂಗಳು ಹೊಸಬರೊಡನೆ ಕುಳಿತು, ಗಳಿಸಿದ ಹಣದಿಂದ ಇನ್‌ಸ್ಟ್ರುಮೆಂಟನ್ನು ಸೇರಿಸಿಕೊಂಡು, ಬಹು ಎಂಜಿನ್ನನ್ನು ಎರಡನೆಯ ವರ್ಷದ ಕೊನೆಗೆ ಇಟ್ಟುಕೊಂಡವನು ಅದೇ ಪರೀಕ್ಷೆಯಿಂದ ಆ ಗಡುವನ್ನೂ ದಾಟುತ್ತಾನೆ.